‘ಹುಡುಗರ ಹಾಗೆ ನಡೆ’ ಎಂದು ಮಗನಿಗೆ ಹೇಳಿಕೊಡಬೇಕೇ? ಮುಂಬಯಿಯ ಹಿರಿಯರ, ಅಕ್ಕ-ಅಣ್ಣಂದಿರ ಅಭಿಪ್ರಾಯ ಬೇಕಾಗಿದೆ

ಡೊಂಬಿವಲಿಯ ಅಮ್ಮ

ಎಲ್ಲರಿಗೂ ನಮಸ್ಕಾರ. ನಾವು ಉಡುಪಿ ಕಡೆಯವರು. ಮದುವೆಯಾಗಿ ಡೊಂಬಿವಲಿಗೆ ಬಂದು ಹತ್ತೊಂಬತ್ತು ವರ್ಷಗಳಾದವು. ಒಬ್ಬನೇ ಮಗ, ವಯಸ್ಸು ಹದಿನಾಲ್ಕು. ಅವನ ವಿಷಯವಾಗಿ ಮನೆಯಲ್ಲಿ ಎದ್ದಿರುವ ಪ್ರಶ್ನೆಯೊಂದನ್ನು ಅವನ ಒಪ್ಪಿಗೆ ಪಡೆದೇ ಇಲ್ಲಿ ಬರೆಯುತ್ತಿದ್ದೇನೆ.

ಅವನ ದನಿ ಮೆದು, ನಡಿಗೆಯೂ ಮೆದು. ಮಾತನಾಡುವಾಗ ಕೈಗಳೂ ಜೊತೆಗೆ ಮಾತನಾಡುತ್ತವೆ. ನಾನು ಮಾಟುಂಗಾದ ಹೂವಿನ ಗಲ್ಲಿಯಿಂದ ಮಲ್ಲಿಗೆ ಮೊಗ್ಗು ತಂದ ದಿನ, ನಾನು ಸೀರೆ ಬದಲಿಸಿ ಬರುವಷ್ಟರಲ್ಲಿ ಬಾಳೆನಾರನ್ನು ನೀರಿನಲ್ಲಿ ನೆನೆಹಾಕಿ ಚಾಪೆಯ ಮೇಲೆ ಕುಳಿತಿರುತ್ತಾನೆ. ಎರಡು ಮೊಗ್ಗು ಆ ಕಡೆ, ಎರಡು ಮೊಗ್ಗು ಈ ಕಡೆ ಇಟ್ಟು, ನಾರನ್ನು ಒಂದು ಸುತ್ತು ತಂದು ಕುಣಿಕೆಯೊಳಗಿಂದ ಎಳೆಯುವಾಗ ತೊಟ್ಟು ಮುರಿಯದಷ್ಟು ಮಾತ್ರ ಬಿಗಿಯುತ್ತಾನೆ. ಆ ಹದ ನನಗೆ ಇಂದಿಗೂ ಬಂದಿಲ್ಲ.

ಶಾಲೆಯಲ್ಲಿ ಅವನನ್ನು ‘ಆಲೇ’ ಎಂದು ಕರೆಯುತ್ತಾರೆ. ಅದಕ್ಕೊಂದು ಕಾರಣವಿದೆ. ಕನ್ನಡದಲ್ಲಿ ‘ನಾನು ಬಂದೆ’ ಎಂದರೆ ಹೇಳಿದವರು ಗಂಡೋ ಹೆಣ್ಣೋ ತಿಳಿಯುವುದಿಲ್ಲ. ಮರಾಠಿಯಲ್ಲಿ ಹುಡುಗ ‘ಮೀ ಆಲೋ’ ಎನ್ನಬೇಕು, ಹುಡುಗಿ ‘ಮೀ ಆಲೇ’ ಎನ್ನಬೇಕು. ನನ್ನಿಂದಲೂ ಪಕ್ಕದ ಮನೆಯ ಕಾಕುವಿನಿಂದಲೂ ಮರಾಠಿ ಕಲಿತ ಮಗ ಒಂದನೆಯ ತರಗತಿಯಲ್ಲಿ ಹಾಜರಿ ಕೂಗಿದಾಗ ‘ಮೀ ಆಲೇ’ ಎಂದುಬಿಟ್ಟ. ತಪ್ಪು ತಿದ್ದಿಕೊಂಡು ಎಂಟು ವರ್ಷಗಳಾದರೂ ಹೆಸರು ಉಳಿದಿದೆ.

ಇಷ್ಟು ದಿನ ಇದನ್ನು ಮಕ್ಕಳ ತಮಾಷೆ ಎಂದು ಬಿಟ್ಟಿದ್ದೆ. ಕಳೆದ ತಿಂಗಳು ನಮ್ಮವರದೇ ಒಂದು ಸಂಘದ ವಾರ್ಷಿಕೋತ್ಸವದಲ್ಲಿ ವೇದಿಕೆಯ ಮುಂದಿನ ರಂಗೋಲಿಯನ್ನು ಮಗನೇ ಹಾಕಿದ. ಬಹುಮಾನ ಕೊಡುವಾಗ ಹಿರಿಯರೊಬ್ಬರು ಮೈಕಿನಲ್ಲಿ, ‘ರಂಗೋಲಿ ನೋಡಿ ಯಾರದೋ ಮಗಳು ಎಂದುಕೊಂಡೆ, ಮಗನಂತೆ! ನಡಿಗೆ ನೋಡಿದರೆ ಈಗಲೂ ಸಂಶಯ’ ಎಂದರು. ಸಭೆ ನಕ್ಕಿತು. ಮಗನೂ ನಕ್ಕ. ಮನೆಗೆ ಬಂದು ಚಪ್ಪಲಿ ಕಳಚುವ ಮೊದಲೇ, ‘ಅಮ್ಮಾ, ನಾನು ಹೇಗೆ ನಡೆಯಬೇಕು? ಒಮ್ಮೆ ನಡೆದು ತೋರಿಸು’ ಎಂದು ಕೇಳಿದ.

ನನ್ನ ಭಾವನವರು ಅವನನ್ನು ಊರಿನ ಹಾಸ್ಟೆಲಿಗೆ ಸೇರಿಸಿ ಗಟ್ಟಿ ಮಾಡಿಸಬೇಕು ಎನ್ನುತ್ತಾರೆ. ಮನೆಯವರು ಮೌನವಾಗಿದ್ದಾರೆ. ಅವನ ಒಳ್ಳೆಯದಕ್ಕೆಂದೇ ಅವನನ್ನು ತಿದ್ದಬೇಕೇ, ಅಥವಾ ಅವನನ್ನು ಅವನ ಪಾಡಿಗೆ ಬಿಡಬೇಕೇ? ದಯವಿಟ್ಟು ತಿಳಿಸಿ.

ಥಾಣೆಯ ಅಪ್ಪ

ಅಕ್ಕಾ, ತಮ್ಮ ನೋವು ಅರ್ಥವಾಗುತ್ತದೆ. ಆದರೂ ಬೇರೆಯವರು ಹೇಳದ ಮಾತನ್ನು ನಾನು ಹೇಳಬೇಕಾಗಿದೆ. ಇದು ಮುಂಬಯಿ. ಇನ್ನೆರಡು ವರ್ಷಕ್ಕೆ ಹುಡುಗ ಕಾಲೇಜಿಗೆ ಹೋಗಲು ಬೆಳಗಿನ ಲೋಕಲ್ ಹತ್ತಬೇಕು, ಆ ಗರ್ದಿಯಲ್ಲಿ ಒಬ್ಬನೇ ನಿಲ್ಲಬೇಕು. ಅಲ್ಲಿ ಮೆದುವಾದವನನ್ನು ಗುರುತಿಸಿ ಕೈ ಹಾಕುವವರೂ, ‘ಬಾಯಲ್ಯಾ’ (ಹೆಣ್ಣಿಗ) ಎಂದು ಕೂಗುವವರೂ ಇದ್ದಾರೆ. ನಾನು ಕಣ್ಣಾರೆ ಕಂಡಿದ್ದೇನೆ. ನನಗೂ ಇಬ್ಬರು ಗಂಡುಮಕ್ಕಳಿದ್ದಾರೆ. ಕರಾಟೆಗೋ ಕಬಡ್ಡಿಗೋ ಸೇರಿಸಿ, ದನಿ ಏರಿಸಿ ಮಾತನಾಡುವುದನ್ನು ಕಲಿಸಿ. ಹೂವು, ರಂಗೋಲಿಗಳನ್ನು ಮನೆಯೊಳಗೆ ಇಟ್ಟುಕೊಳ್ಳಲಿ. ಮಳೆ ಬರುವಾಗ ಕೊಡೆ ಹಿಡಿದ ಹಾಗೆ ಇದು. ಕೆಟ್ಟ ಮನಸ್ಸಿನಿಂದ ಬರೆದದ್ದಲ್ಲ.

ಮಾಟುಂಗಾದ ಹಳೆಯ ಹೋಟೆಲಿಗ

ಮಗಳೇ, ನಿನ್ನ ಬರಹವನ್ನು ಎರಡು ಸಲ ಓದಿಸಿಕೊಂಡೆ. ನಾನು ಹೇಳಿದ್ದನ್ನು ಮೊಮ್ಮಗಳು ಬರೆಯುತ್ತಿದ್ದಾಳೆ.

ನಾನು 1963ರಲ್ಲಿ, ಹದಿಮೂರನೆಯ ವಯಸ್ಸಿನಲ್ಲಿ ಮುಂಬಯಿಗೆ ಬಂದವನು. ಕೊಂಕಣ ರೈಲು ಬರಲು ಇನ್ನೂ 35 ವರ್ಷಗಳಿದ್ದವು. ಮೊದಲು ಕಪ್ಪು-ಬಸಿ ತೊಳೆಯುವ ಕೆಲಸ, ಆಮೇಲೆ ರುಬ್ಬುವ ಕಲ್ಲಿನ ಮುಂದೆ, ಆಮೇಲೆ ದೋಸೆಯ ಹಂಚಿನ ಮುಂದೆ. ರಾತ್ರಿ ಹೋಟೆಲು ಮುಚ್ಚಿದ ಮೇಲೆ ಅದೇ ಮೇಜುಗಳನ್ನು ಜೋಡಿಸಿ ಮಲಗುತ್ತಿದ್ದೆವು. ಕನ್ನಡ ರಾತ್ರಿ ಶಾಲೆಯಲ್ಲಿ ಕಲಿತೆ. ನಾವು ಹತ್ತು ಹನ್ನೆರಡು ಹುಡುಗರು ಇದ್ದ ಆ ಜಾಗದಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ಹಾಗಾದರೆ ಊರಿನಲ್ಲಿ ‘ಹೆಂಗಸರ ಕೆಲಸ’ ಎನ್ನುವುದನ್ನೆಲ್ಲ ಇಲ್ಲಿ ಮಾಡುತ್ತಿದ್ದವರು ಯಾರು? ತರಕಾರಿ ಹೆಚ್ಚಿದವರು, ಹಿಟ್ಟು ರುಬ್ಬಿದವರು, ಅಂಗಿಗೆ ಗುಂಡಿ ಹೊಲಿದವರು, ಜ್ವರ ಬಂದವನ ಹಣೆಗೆ ಒದ್ದೆ ಬಟ್ಟೆ ಇಟ್ಟು ಬೆಳಗಿನ ತನಕ ಕುಳಿತವರು ನಾವೇ. ಯಾರೂ ನಮ್ಮನ್ನು ಹೆಣ್ಣಿಗರೆಂದು ಕರೆಯಲಿಲ್ಲ, ಏಕೆಂದರೆ ತಿಂಗಳ ಕೊನೆಗೆ ಊರಿಗೆ ಮನಿಯಾರ್ಡರು ಹೋಗುತ್ತಿತ್ತು.

ಈ ಮಾತನ್ನು ಹೇಳಲು ನನಗೆ ಸಂಕಟವಾಗುತ್ತದೆ, ಆದರೂ ಹೇಳುತ್ತೇನೆ. ಮದುವೆಯಾಗಿ ಸಂಸಾರ ಹೂಡಿದ ಮೇಲೆ, ಹೋಟೆಲಿನಲ್ಲಿ ದಿನಕ್ಕೆ ಐನೂರು ದೋಸೆ ಹೊಯ್ಯುತ್ತಿದ್ದ ನಾನು ಮನೆಯಲ್ಲಿ ಉಂಡ ತಟ್ಟೆಯನ್ನು ಎತ್ತಲಿಲ್ಲ. ಹೆಂಡತಿಗೆ ಜ್ವರ ಬಂದ ದಿನವೂ ಒಲೆಯ ಮುಂದೆ ನಿಲ್ಲಲಿಲ್ಲ. ಯಾರಾದರೂ ನೋಡಿದರೆ ಏನೆಂದಾರು ಎಂಬ ಅಂಜಿಕೆ. ಆಕೆ ತೀರಿಕೊಂಡು ಆರು ವರ್ಷಗಳಾದವು. ಈಗ ಬೆಳಗಿನ ಗಂಜಿಯನ್ನು ನಾನೇ ಮಾಡಿಕೊಳ್ಳುತ್ತೇನೆ. ಅಂದು ಒಂದು ಲೋಟ ಗಂಜಿ ಮಾಡಿ ಕೊಟ್ಟಿದ್ದರೆ ನನ್ನ ಗಂಡಸುತನಕ್ಕೆ ಏನಾಗುತ್ತಿತ್ತು ಎಂದು ಪಾತ್ರೆ ತೊಳೆಯುವಾಗ ಯೋಚಿಸುತ್ತೇನೆ.

ನಮ್ಮ ಮನೆಯ ಗೋಡೆಯಲ್ಲಿ ನನ್ನ ಅಜ್ಜನ ಪಟವಿದೆ. ತಲೆಯಲ್ಲಿ ಗಂಟು ಕಟ್ಟಿದ ಜುಟ್ಟು, ಎರಡೂ ಕಿವಿಗಳಲ್ಲಿ ಒಂಟಿ ಎಂಬ ಒಡವೆ. ಊರಿನಲ್ಲಿ ಅವರ ಮುಂದೆ ದನಿ ಎತ್ತುವವರಿರಲಿಲ್ಲ. ಇಂದು ಅದೇ ವೇಷದಲ್ಲಿ ಹುಡುಗನೊಬ್ಬ ಸಂಘದ ಸಭೆಗೆ ಬಂದರೆ ನಾವೇ ಗುಸುಗುಸು ಮಾತನಾಡುತ್ತೇವೆ. ಇನ್ನೊಂದು ಮಾತು. ನಮ್ಮ ಕಡೆ ಅನೇಕ ಕುಟುಂಬಗಳಲ್ಲಿ ಅಳಿಯಸಂತಾನ ಕಟ್ಟಿತ್ತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬರುವವರೆಗೆ ಆಸ್ತಿ ಹೆಣ್ಣಿನ ಸಂತತಿಯಲ್ಲಿ ಇಳಿಯುತ್ತಿತ್ತು, ಮನೆಯ ಹೆಸರು ತಾಯಿಯಿಂದ ಬರುತ್ತಿತ್ತು. ಘಟ್ಟದ ಮೇಲಿನವರಿಗೆ ಅದು ವಿಚಿತ್ರವಾಗಿ ಕಾಣುತ್ತಿತ್ತು, ನಮಗೆ ಅದೇ ಸಹಜ. ಗಂಡು ಹೀಗಿರಬೇಕು, ಹೆಣ್ಣು ಹೀಗಿರಬೇಕು ಎಂಬುದು ಒಂದು ಘಟ್ಟ ಇಳಿಯುವಷ್ಟರಲ್ಲಿ ಬದಲಾಗುತ್ತಿದ್ದರೆ, ಅದಕ್ಕಾಗಿ ಹದಿನಾಲ್ಕು ವರ್ಷದ ಮಗುವಿನ ನಡಿಗೆಯನ್ನು ಹಿಡಿದು ಬಗ್ಗಿಸಬೇಕೇ? ಮಾಟುಂಗಾದ ಗಲ್ಲಿಯಲ್ಲಿ ದಿನವಿಡೀ ಹಾರ ಕಟ್ಟುತ್ತಾ ಕುಳಿತಿರುವವರು ಮೀಸೆ ಹೊತ್ತ ಗಂಡಸರೇ ಅಲ್ಲವೇ?

ಚೌಕಿಯಲ್ಲಿ ಕುಳಿತವನು, ಘಾಟ್ಕೋಪರ್

ನಾನು ವೃತ್ತಿಯಿಂದ ಬ್ಯಾಂಕಿನ ನೌಕರ, ಹವ್ಯಾಸದಿಂದ ಯಕ್ಷಗಾನದ ಸ್ತ್ರೀವೇಷಧಾರಿ. ಇಪ್ಪತ್ತೆರಡು ವರ್ಷಗಳಿಂದ ಮುಂಬಯಿಯ ಹವ್ಯಾಸಿ ತಂಡಗಳಲ್ಲಿ ವೇಷ ಮಾಡುತ್ತಿದ್ದೇನೆ. ಪತ್ತನಾಜೆಯ ದಿನ ಊರಿನ ಮೇಳಗಳು ಗೆಜ್ಜೆ ಬಿಚ್ಚಿ ವರ್ಷದ ತಿರುಗಾಟ ಮುಗಿಸಿದ ಮೇಲೆ ಮಳೆಗಾಲದಲ್ಲಿ ಕಲಾವಿದರು ಇಲ್ಲಿಗೆ ಬರುತ್ತಾರಲ್ಲ, ಆಗ ಅವರ ಜೊತೆಗೂ ಕೆಲವು ಸಲ ರಂಗವೇರಿದ್ದೇನೆ.

ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಕನ್ನಡಿಯ ಮುಂದೆ ಕುಳಿತು ಮುಖಕ್ಕೆ ಬಣ್ಣ ಹಚ್ಚಿ, ಹುಬ್ಬು ತೀಡಿ, ಸೀರೆಯ ನೆರಿಗೆ ಹಿಡಿದು ಗೆಜ್ಜೆ ಕಟ್ಟುವವರೆಗೆ ಎರಡು ಗಂಟೆ ಬೇಕು. ಆ ಎರಡು ಗಂಟೆಗಳಲ್ಲಿ ನನ್ನ ಭುಜ ತಾನಾಗಿ ಇಳಿಯುತ್ತದೆ, ಹೆಜ್ಜೆಯ ಅಳತೆ ಕಿರಿದಾಗುತ್ತದೆ. ರಂಗಕ್ಕೆ ಬಂದರೆ ಚಪ್ಪಾಳೆ. ಅದೇ ಸಭೆಯ ಜನ ಮರುದಿನ ಲೋಕಲಿನಲ್ಲಿ ಸಿಕ್ಕಾಗ, ಪ್ಯಾಂಟು-ಶರ್ಟಿನಲ್ಲಿರುವ ನನ್ನ ಕೈಯ ಬಾಗು ಸ್ವಲ್ಪ ಹೆಚ್ಚಾಗಿ ಕಂಡರೆ, ‘ವೇಷ ಇನ್ನೂ ಕಳಚಲಿಲ್ಲವೇ?’ ಎನ್ನುತ್ತಾರೆ. ಹಿಂದೆ ಒಬ್ಬರು ಚೌಕಿಯೊಳಗೇ ಬಂದು, ಕಲೆಯ ಮೇಲಿನ ಅಭಿಮಾನವೆಂಬಂತೆ, ಮುಟ್ಟಬಾರದ ಕಡೆ ಮುಟ್ಟಿದ್ದರು. ಹೊರಗೆ ಹೇಳಿಕೊಂಡಾಗ ‘ವೇಷ ಅಷ್ಟು ಚೆನ್ನಾಗಿತ್ತು ಅಂತ ತಿಳಿದುಕೋ’ ಎಂಬ ಉತ್ತರ ಬಂತು. ಇದನ್ನು ಬರೆಯುವುದಕ್ಕೆ ನನಗೆ ಹದಿನೈದು ವರ್ಷ ಬೇಕಾಯಿತು.

ಈ ನೆಲಕ್ಕೆ ಇದು ಹೊಸತೂ ಅಲ್ಲ. ಮರಾಠಿ ಸಂಗೀತ ನಾಟಕದಲ್ಲಿ ಬಾಲಗಂಧರ್ವರೆಂದು ಹೆಸರಾದ ನಾರಾಯಣ ಶ್ರೀಪಾದ ರಾಜಹಂಸ (1888–1967) ಅವರು ಜೀವನದ ಬಹುಭಾಗ ಸ್ತ್ರೀಪಾತ್ರಗಳನ್ನೇ ಮಾಡಿದರು. ಅವರ ಸೀರೆ-ಒಡವೆಗಳ ಸೊಗಸನ್ನು ಪುಣೆ-ಮುಂಬಯಿಯ ಸಿರಿವಂತ ಮನೆಗಳ ಹೆಂಗಸರು ಅನುಕರಿಸುತ್ತಿದ್ದರು. 1964ರಲ್ಲಿ ಪದ್ಮಭೂಷಣ ಬಂತು. ಪುಣೆಯ ದೊಡ್ಡ ರಂಗಮಂದಿರಕ್ಕೆ ಅವರದೇ ಹೆಸರಿದೆ. ಗುಜರಾತಿ ರಂಗಭೂಮಿಯ ಜಯಶಂಕರ ಭೋಜಕರಿಗೆ ‘ಸುಂದರಿ’ ಎಂಬ ಬಿರುದೇ ಹೆಸರಾಯಿತು. ನಮ್ಮಲ್ಲಿ ಕೋಳ್ಯೂರು ರಾಮಚಂದ್ರ ರಾಯರಿಗೆ ಸ್ತ್ರೀವೇಷದಿಂದಲೇ ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಗೌರವ ದೊರೆಯಿತು. ಜೋಗತಿ ನೃತ್ಯದ, ತೃತೀಯಲಿಂಗಿ ಸಮುದಾಯದ ಮಂಜಮ್ಮ ಜೋಗತಿಯವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, ಅವರಿಗೆ ಪದ್ಮಶ್ರೀ ಸಂದಿತು. ಆದರೆ ಮಂಜಮ್ಮನವರದು ವೇಷವಲ್ಲ, ಬದುಕು. ಆ ವ್ಯತ್ಯಾಸವನ್ನು ಮರೆಯಬಾರದು. ವೇಷ ಕಳಚಿದ ಮೇಲೆ ಗಂಡಸಾಗಿ ಮನೆಗೆ ಹೋಗುವವನನ್ನು ಸಮಾಜ ಬೇಗ ಒಪ್ಪುತ್ತದೆ. ಬೆಳಗ್ಗೆಯೂ ಹಾಗೆಯೇ ಇರುವವರಿಗೆ ಹಾರ ಹಾಕುವ ಮೊದಲು ಮನೆಯಿಂದ ಹೊರಗೆ ಹಾಕಿರುತ್ತದೆ.

ಅಕ್ಕಾ, ಆ ಹಿರಿಯರು ಮೈಕಿನಲ್ಲಿ ಆಡಿದ ಮಾತಿಗೆ ಸಂಘ ಕ್ಷಮೆ ಕೇಳಬೇಕು. ಮಗ ನಡಿಗೆ ಬದಲಿಸಬೇಕಾಗಿಲ್ಲ.

ಭಾಯಂದರ್ ಅಕ್ಕ

ಚರ್ಚೆ ಗಂಡುಮಕ್ಕಳ ಸುತ್ತಲೇ ತಿರುಗುತ್ತಿದೆ. ನಾನು ಇನ್ನೊಂದು ದಡದಿಂದ ಬರೆಯುತ್ತೇನೆ.

ನನ್ನ ದನಿ ದಪ್ಪ. ಫೋನಿನಲ್ಲಿ ಎಲ್ಲರೂ ‘ಸರ್’ ಎನ್ನುತ್ತಾರೆ. ಪಿಸಿಓಎಸ್ ಇರುವುದರಿಂದ ಗಲ್ಲದಲ್ಲಿ ಕೂದಲು ಬರುತ್ತದೆ. ಸುಮಾರು ಹತ್ತು ಹೆಂಗಸರಲ್ಲಿ ಒಬ್ಬರಿಗೆ ಈ ತೊಂದರೆ ಇರುತ್ತದೆ, ಅದು ಹಾರ್ಮೋನುಗಳ ಏರುಪೇರು, ಅಷ್ಟೇ. ತಲೆಗೂದಲನ್ನು ಚಿಕ್ಕದಾಗಿ ಕತ್ತರಿಸಿದ್ದೇನೆ, ಒಡವೆ ಹಾಕುವುದಿಲ್ಲ, ಕೆಲಸಕ್ಕೆ ಪ್ಯಾಂಟು-ಶರ್ಟಿನಲ್ಲಿ ಹೋಗುತ್ತೇನೆ. ವಿರಾರ್ ಲೋಕಲಿನ ಲೇಡೀಸ್ ಡಬ್ಬಿಗೆ ಹತ್ತಿದಾಗ ‘ಏ ಭಾಯಿ, ಇಳಿ’ ಎಂದು ತಳ್ಳಿಸಿಕೊಂಡಿದ್ದೇನೆ. ನಾನು ಹೆಣ್ಣೆಂದು ಬಾಯಿಬಿಟ್ಟು ಹೇಳಿದರೆ ದನಿ ಕೇಳಿ ಇನ್ನಷ್ಟು ಸಂಶಯ. ಮೂರು ಸ್ಟೇಷನ್ ದಾಟುವವರೆಗೆ ಗುರುತಿನ ಚೀಟಿಯನ್ನು ಕೈಯಲ್ಲಿ ಹಿಡಿದು ನಿಂತ ದಿನವಿದೆ. ಹೆಣ್ಣು ನೋಡಲು ಬಂದವರಲ್ಲಿ ಒಬ್ಬರ ತಾಯಿ, ನನ್ನೆದುರಿಗೇ ನನ್ನ ಅಮ್ಮನಿಗೆ, ‘ಇವಳಿಗೆ ಹೆಣ್ಣು ಹುಡುಕಬೇಕಷ್ಟೆ’ ಎಂದರು. ಅಮ್ಮ ಆ ರಾತ್ರಿ ಊಟ ಮಾಡಲಿಲ್ಲ. ನಾನು ನನ್ನನ್ನು ಹೆಣ್ಣೆಂದೇ ತಿಳಿದಿದ್ದೇನೆ. ನನ್ನ ಹೆಣ್ತನಕ್ಕೆ ಬಳೆಯ ಸಾಕ್ಷಿ ಬೇಕಾಗಿಲ್ಲ.

ನಮ್ಮ ಭಾಷೆಯ ಎರಡು ಮಾತುಗಳನ್ನು ನಾನು ಬಹಳ ದಿನಗಳಿಂದ ಯೋಚಿಸುತ್ತಿದ್ದೇನೆ. ಇನ್ನೊಬ್ಬರ ಕಷ್ಟಕ್ಕೆ ಕರಗುವ ಗಂಡಸಿಗೆ ‘ಹೆಂಗರುಳು’ ಎನ್ನುತ್ತೇವೆ, ಅದು ಹೊಗಳಿಕೆ. ಧೈರ್ಯವಂತೆಯಾದ ಹೆಣ್ಣಿಗೆ ‘ಗಂಡೆದೆ’ ಎನ್ನುತ್ತೇವೆ, ಅದೂ ಹೊಗಳಿಕೆ. ಅಂದರೆ ಕರುಳು ಹೆಣ್ಣಿನದಾಗಬಹುದು, ಎದೆ ಗಂಡಿನದಾಗಬಹುದು ಎಂಬುದನ್ನು ಕನ್ನಡ ಎಂದೋ ಒಪ್ಪಿದೆ. ಅದೇ ಕರುಳು ಕೈಯ ಚಲನೆಯಲ್ಲಿ ಹೊರಗೆ ಕಂಡರೆ ‘ಹೆಣ್ಣಿಗ’, ಅದೇ ಎದೆ ನಡಿಗೆಯಲ್ಲಿ ಕಂಡರೆ ‘ಗಂಡುಬೀರಿ’. ಒಳಗಿದ್ದಾಗ ಗುಣ, ಹೊರಗೆ ಕಂಡಾಗ ಬೈಗುಳ. ಥಾಣೆಯ ಅಣ್ಣನವರು ಹೂವನ್ನು ಮನೆಯೊಳಗೆ ಇಟ್ಟುಕೊಳ್ಳಲಿ ಎಂದಿದ್ದು ಇದನ್ನೇ ಅಲ್ಲವೇ?

ಯಕ್ಷಗಾನದ ಮಾತು ಬಂದುದರಿಂದ ಒಂದನ್ನು ಸೇರಿಸುತ್ತೇನೆ. ಯಕ್ಷಗಾನದ ತೆಂಕು ಶೈಲಿಯಾದ ತೆಂಕುತಿಟ್ಟಿನ ಮೇಳಗಳಲ್ಲಿ ಗಂಡಸರ ಸ್ಥಾನವೆಂದೇ ತಿಳಿದಿದ್ದ ಭಾಗವತಿಕೆಯ, ಅಂದರೆ ಹಾಡಿ ಆಟ ನಡೆಸುವವರ, ಪೀಠದಲ್ಲಿ ಲೀಲಾವತಿ ಬೈಪಾಡಿತ್ತಾಯರು ವರ್ಷಗಟ್ಟಲೆ ಕುಳಿತು ಹಾಡಿದರು. ಅವರು 2024ರ ಡಿಸೆಂಬರಿನಲ್ಲಿ ತೀರಿಕೊಂಡ ದಿನ, ಎಂದೋ ಧ್ವನಿಸುರುಳಿಯಲ್ಲಿ ಕೇಳಿದ ಅವರ ದನಿಯನ್ನು ನೆನೆದು ಅತ್ತೆ. ಹೆಣ್ಣಿನ ಗಂಟಲಿಗೆ ಯಾವ ಜಾಗ ಎಂಬುದನ್ನು ಹಾಡಿಯೇ ತೋರಿಸಿದವರು ಅವರು.

ವಾಶಿಯ ಆಪ್ತಸಲಹೆಗಾರ್ತಿ

ನಾನು ಹದಿಹರೆಯದ ಮಕ್ಕಳೊಂದಿಗೆ ಕೆಲಸ ಮಾಡುವವಳು. ಭಾವನವರ ಮಾತಿನ ಹಿಂದೆಯೂ ಸಭೆಯ ನಗುವಿನ ಹಿಂದೆಯೂ ಇರುವುದು, ಆದರೆ ಯಾರೂ ಬಾಯಿಬಿಟ್ಟು ಹೇಳದಿರುವುದು ಒಂದಿದೆ. ‘ಈ ಹುಡುಗ ಮುಂದೆ ಏನಾಗುತ್ತಾನೆ?’ ಎಂಬ ಭಯ ಅದು. ಒಬ್ಬರ ನಡೆನುಡಿ ಹೇಗಿದೆ ಎಂಬುದು ಒಂದು ವಿಷಯ. ತಾನು ಗಂಡೋ ಹೆಣ್ಣೋ ಬೇರೆಯೋ ಎಂಬ ಒಳಗಿನ ಅರಿವು ಇನ್ನೊಂದು. ಯಾರ ಮೇಲೆ ಮನಸ್ಸಾಗುತ್ತದೆ ಎಂಬುದು ಮತ್ತೊಂದು. ಮೊದಲನೆಯದನ್ನು ನೋಡಿ ಉಳಿದೆರಡನ್ನು ಯಾರೂ ಹೇಳಲಾರರು, ಹೇಳಲೂ ಬಾರದು. ಈ ಮಗ ಮುಂದೆ ಏನೆಂದು ತಿಳಿದುಕೊಂಡರೂ ಅದನ್ನು ಮೊದಲು ಹೇಳುವ ಹಕ್ಕು ಅವನದು. ಅಂದು ಮನೆಯಲ್ಲಿ ಹೇಳಿಕೊಳ್ಳುವ ಧೈರ್ಯ ಬರಬೇಕಾದರೆ, ಇಂದು ಅವನ ನಡಿಗೆಗೆ ಮನೆಯಲ್ಲಿ ಜಾಗವಿರಬೇಕು.

ದನಿಯ ಬಗ್ಗೆಯೂ ಹೇಳುತ್ತೇನೆ. ವಯಸ್ಕ ಗಂಡಸರ ಮಾತಿನ ದನಿ ಸಾಮಾನ್ಯವಾಗಿ ಸೆಕೆಂಡಿಗೆ 85ರಿಂದ 180 ಕಂಪನಗಳಷ್ಟು, ಹೆಂಗಸರದು 165ರಿಂದ 255ರಷ್ಟು ಎನ್ನುತ್ತಾರೆ. ನಡುವೆ ಎರಡೂ ಒಂದರ ಮೇಲೊಂದು ಬೀಳುವ ಜಾಗವಿದೆ, ಅಲ್ಲಿ ಎಷ್ಟೋ ಜನ ಆರೋಗ್ಯವಾಗಿ ಬದುಕುತ್ತಿದ್ದಾರೆ. ಹದಿನಾಲ್ಕರಲ್ಲಿ ಗಂಟಲು ಇನ್ನೂ ಬೆಳೆಯುತ್ತಿರುತ್ತದೆ. ದನಿಯಿಂದ ಅವನಿಗೇ ಕಿರಿಕಿರಿಯಾದರೆ ವಾಕ್‌ಚಿಕಿತ್ಸಕರಿದ್ದಾರೆ, ನೆರೆಯವರಿಗೆ ಕಿರಿಕಿರಿಯಾದರೆ ಅದಕ್ಕೆ ಚಿಕಿತ್ಸೆ ಬೇಕಾಗಿಲ್ಲ.

‘ಸರಿಪಡಿಸುತ್ತೇವೆ’ ಎಂದು ಭರವಸೆ ಕೊಡುವವರ ಬಳಿ ದಯವಿಟ್ಟು ಕರೆದುಕೊಂಡು ಹೋಗಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 3ನೆಯ ಸೆಕ್ಷನ್ನಿನ ಪ್ರಕಾರ, ಒಬ್ಬ ವ್ಯಕ್ತಿ ತನ್ನ ಸಮುದಾಯದ ನೈತಿಕ, ಸಾಮಾಜಿಕ, ಸಾಂಸ್ಕೃತಿಕ ಮೌಲ್ಯಗಳಿಗೆ ಹೊಂದಿಕೊಳ್ಳುತ್ತಿಲ್ಲ ಎಂಬ ಕಾರಣಕ್ಕೆ ಅವನಿಗೆ ಮನೋರೋಗವಿದೆಯೆಂದು ತೀರ್ಮಾನಿಸುವಂತಿಲ್ಲ. ಲೈಂಗಿಕ ಒಲವನ್ನೋ ಲಿಂಗ ಗುರುತನ್ನೋ ಬದಲಿಸುವ ‘ಪರಿವರ್ತನಾ ಚಿಕಿತ್ಸೆ’ಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ವೃತ್ತಿ ದುರ್ನಡತೆ ಎಂದು ಘೋಷಿಸಿದೆ. ತಾವು ಗಮನಿಸಬೇಕಾದುದು ಅವನ ನಿದ್ದೆ, ಊಟ, ಶಾಲೆಗೆ ಹೊರಡುವಾಗಿನ ಮುಖ. ಭಾನುವಾರ ರಾತ್ರಿಗಳಲ್ಲಿ ಹೊಟ್ಟೆನೋವು ಎನ್ನುತ್ತಿದ್ದಾನೆಯೇ? ಶಾಲೆಯ ಶೌಚಾಲಯಕ್ಕೆ ಹೋಗಬೇಕಾದೀತೆಂದು ನೀರು ಕುಡಿಯದೆ ಬರುತ್ತಿದ್ದಾನೆಯೇ? ಇಂಥದ್ದು ಕಂಡರೆ ತಡಮಾಡಬೇಡಿ.

ಥಾಣೆಯ ಅಪ್ಪ

ಎಲ್ಲರ ಮಾತನ್ನೂ ಓದಿದೆ. ಭಾಯಂದರ್ ಅಕ್ಕನವರು ಲೋಕಲಿನಲ್ಲಿ ಚೀಟಿ ಹಿಡಿದು ನಿಂತದ್ದನ್ನು ಓದಿ ಮನಸ್ಸು ಕಲಕಿತು. ಆದರೂ ನನ್ನ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಸಂಘ ಕ್ಷಮೆ ಕೇಳಬಹುದು. ಬೀದಿ ಕ್ಷಮೆ ಕೇಳುವುದಿಲ್ಲವಲ್ಲ? ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ನಮ್ಮ ತರಗತಿಯ ಇಂಥದೇ ಒಬ್ಬ ಹುಡುಗನನ್ನು ನಾವು ನಾಲ್ಕೈದು ಜನ ಸೇರಿ ಬಾವಿಕಟ್ಟೆಯ ಹತ್ತಿರ ಹಿಡಿದು, ‘ಗಂಡಸಾದರೆ ತೋರಿಸು’ ಎಂದು ಚಡ್ಡಿ ಎಳೆದಿದ್ದೆವು. ಎಳೆದವರಲ್ಲಿ ನಾನೂ ಒಬ್ಬ. ಮರುವಾರದಿಂದ ಅವನು ಶಾಲೆಗೆ ಬರಲಿಲ್ಲ. ಕರಾಟೆ ಕಲಿಸಿ ಎಂದು ನಾನು ಹೇಳುವುದು, ಎಳೆಯುವ ಕೈಗಳು ಎಂಥವು ಎಂಬುದು ನನಗೆ ಗೊತ್ತಿರುವುದರಿಂದ.

ವಾಶಿಯ ಆಪ್ತಸಲಹೆಗಾರ್ತಿ

ಅಣ್ಣಾ, ಇದನ್ನು ಬರೆದದ್ದು ಸುಲಭವಲ್ಲ ಎಂದು ಬಲ್ಲೆ. ಅವನಿಗೆ ಮನಸ್ಸಿದ್ದರೆ ಕರಾಟೆ ಕಲಿಯಲಿ, ಅದರಲ್ಲಿ ತಪ್ಪಿಲ್ಲ. ಆದರೆ ಆತ್ಮರಕ್ಷಣೆ ಕಲಿಯುವುದೂ ನಡಿಗೆ ಮರೆಸುವುದೂ ಒಂದೇ ಅಲ್ಲ. ಅಂದು ಆ ಬಾವಿಕಟ್ಟೆಯಲ್ಲಿ ನಿಮ್ಮ ಐವರಲ್ಲಿ ಒಬ್ಬನಾದರೂ ‘ಬಿಡ್ರೋ’ ಎಂದಿದ್ದರೆ? ತಮ್ಮ ಇಬ್ಬರು ಮಕ್ಕಳಿಗೆ ಈ ಕತೆಯನ್ನು ಇದ್ದ ಹಾಗೆ ಹೇಳಿ ಎಂದು ಕೇಳಿಕೊಳ್ಳುತ್ತೇನೆ. ಅಂಥ ಕಡೆ ಈ ಮಗನ ಪಕ್ಕದಲ್ಲಿ ಇಂದು ಇರುವವರು ಅವರ ವಯಸ್ಸಿನ ಹುಡುಗರೇ.

ಮುಲುಂಡಿನ ವಕೀಲ

ಕಾನೂನಿನ ಮಾತನ್ನು ಚಿಕ್ಕದಾಗಿ ಹೇಳುತ್ತೇನೆ. 2014ರ ಏಪ್ರಿಲ್ 15ರ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ) ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಉಡುಪು, ಮಾತು, ನಡವಳಿಕೆಗಳ ಮೂಲಕ ತನ್ನ ಲಿಂಗಭಾವವನ್ನು ವ್ಯಕ್ತಪಡಿಸುವುದು ಸಂವಿಧಾನದ 19(1)(ಎ) ವಿಧಿಯ ಅಭಿವ್ಯಕ್ತಿ ಸ್ವಾತಂತ್ರ್ಯದೊಳಗೆ ಬರುತ್ತದೆ ಎಂದಿದೆ. ಆ ಪ್ರಕರಣ ತೃತೀಯಲಿಂಗಿ ಸಮುದಾಯದ ಹಕ್ಕಿನದು. ಆದರೆ ಅದರ ತರ್ಕ ನಮ್ಮೆಲ್ಲರ ನಡೆನುಡಿಗೂ ಸಲ್ಲುತ್ತದೆ ಎಂಬುದು ನನ್ನ ತಿಳಿವಳಿಕೆ. ಕಾಲೇಜಿಗೆ ಹೋದ ಮೇಲೆ, ಯುಜಿಸಿಯ ರ್‍ಯಾಗಿಂಗ್ ವಿರೋಧಿ ನಿಯಮಗಳಿಗೆ 2016ರಲ್ಲಿ ಆದ ತಿದ್ದುಪಡಿಯಂತೆ ಲಿಂಗ, ಲೈಂಗಿಕ ಒಲವು, ರೂಪ ಇತ್ಯಾದಿ ಕಾರಣಕ್ಕೆ ಹೀಯಾಳಿಸುವುದೂ ರ್‍ಯಾಗಿಂಗ್ ಆಗುತ್ತದೆ. ಸದ್ಯಕ್ಕೆ ಶಾಲೆಯ ಮುಖ್ಯಸ್ಥರಿಗೆ ಲಿಖಿತವಾಗಿ, ದಿನಾಂಕ ಹಾಕಿ, ಮಗನನ್ನು ಯಾವ ಹೆಸರಿನಿಂದ ಎಷ್ಟು ವರ್ಷಗಳಿಂದ ಕರೆಯುತ್ತಿದ್ದಾರೆ ಎಂಬುದನ್ನು ಬರೆದು ಕೊಡಿ ಮತ್ತು ಸ್ವೀಕೃತಿಯ ಸಹಿ ಪಡೆಯಿರಿ. ಬಾಯಿಮಾತಿನ ದೂರು ಕಡತಕ್ಕೆ ಏರುವುದಿಲ್ಲ. ಕರಡು ಬೇಕಿದ್ದರೆ ನಾನೇ ಬರೆದುಕೊಡುತ್ತೇನೆ.

ಡೊಂಬಿವಲಿಯ ಅಮ್ಮ

ಎಲ್ಲರಿಗೂ ಕೈಮುಗಿಯುತ್ತೇನೆ. ಹನ್ನೊಂದು ದಿನಗಳ ನಂತರ ಬರೆಯುತ್ತಿದ್ದೇನೆ.

ಪತ್ರ ಶಾಲೆಗೆ ಕೊಟ್ಟಾಯಿತು. ತರಗತಿಯ ಶಿಕ್ಷಕಿಗೆ ಆ ಹೆಸರಿನ ಹಿಂದಿನ ಕಾರಣವೇ ಗೊತ್ತಿರಲಿಲ್ಲ. ಅವರು ಒಂದು ಪಾಠದ ಅವಧಿಯಲ್ಲಿ ಕನ್ನಡ, ತಮಿಳು, ಬಂಗಾಳಿಗಳಲ್ಲಿ ‘ನಾನು ಬಂದೆ’ ಎಂಬುದನ್ನು ಗಂಡೂ ಹೆಣ್ಣೂ ಒಂದೇ ರೀತಿ ಹೇಳುತ್ತಾರೆ ಎಂದು ಮಕ್ಕಳಿಗೆ ಬರೆದು ತೋರಿಸಿದರಂತೆ. ಇಬ್ಬರು ಹುಡುಗರು ಈಗಲೂ ಹಾಗೆಯೇ ಕರೆಯುತ್ತಾರೆ, ಉಳಿದವರು ನಿಲ್ಲಿಸಿದ್ದಾರೆ. ಸಂಘದಿಂದ ಇನ್ನೂ ಉತ್ತರ ಬಂದಿಲ್ಲ. ಮಾಟುಂಗಾದ ಅಜ್ಜ ತಾವೇ ಬಂದು ಆ ಹಿರಿಯರ ಜೊತೆ ಮಾತನಾಡುತ್ತೇನೆ ಎಂದು ಫೋನಿನಲ್ಲಿ ಹೇಳಿದ್ದಾರೆ. ಭಾವನವರು ನನ್ನೊಂದಿಗೆ ಮಾತು ಬಿಟ್ಟಿದ್ದಾರೆ.

ಈ ಚರ್ಚೆಯನ್ನು ಮನೆಯವರಿಗೆ ಓದಿ ಹೇಳಿದೆ. ಹೋಟೆಲಿನ ಅಜ್ಜ ತಟ್ಟೆ ಎತ್ತದ ಮಾತು ಬಂದಾಗ ಅವರು ಎದ್ದು ಹೋಗಿ ಬಾಲ್ಕನಿಯಲ್ಲಿ ನಿಂತರು. ಶುಕ್ರವಾರ ನಾನು ಮೊಗ್ಗು ತಂದಾಗ ಮಗ ಎಂದಿನಂತೆ ಚಾಪೆ ಹಾಸಿದ. ಅವರು ಬಂದು ಅವನೆದುರು ಕುಳಿತು, ‘ನಾಲ್ಕು ಮೊಗ್ಗು ಹೇಗೆ ಹಿಡಿಯುವುದು?’ ಎಂದು ಕೇಳಿದರು. ಅವರು ಕಟ್ಟಿದ ಮೊಳದಷ್ಟು ದಂಡೆಯಲ್ಲಿ ಅರ್ಧಕ್ಕರ್ಧ ತೊಟ್ಟು ಮುರಿದಿತ್ತು. ಮಗ ಅದನ್ನು ಬಿಚ್ಚಿ ಮತ್ತೆ ಕಟ್ಟಲು ಹೊರಟಾಗ ಅವರು ಬೇಡವೆಂದರು.

ಘಾಟ್ಕೋಪರಿನ ಅಣ್ಣನವರಲ್ಲಿ ಒಂದು ವಿನಂತಿ. ಈ ಮಳೆಗಾಲದಲ್ಲಿ ತಮ್ಮ ಆಟ ಇರುವ ದಿನ, ವೇಷ ಕಟ್ಟುವ ಆ ಎರಡು ಗಂಟೆಯ ಹೊತ್ತು, ಚೌಕಿಯಲ್ಲಿ ಒಂದು ಮೂಲೆಯಲ್ಲಿ ಕುಳಿತು ನೋಡಬಹುದೇ ಎಂದು ಮಗ ಕೇಳುತ್ತಿದ್ದಾನೆ. ಅವನ ತಂದೆ ಜೊತೆಗೆ ಬರುತ್ತಾರೆ.